ಅನುಭವಕ್ಕೆ ವಯಸ್ಸಿನ ಬೇಲಿ

1983ರ ಫೆಬ್ರವರಿಯಲ್ಲಿ ಆಂಧ್ರ ಪ್ರದೇಶ ಸರ್ಕಾರವು ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 55ಕ್ಕೆ ಇಳಿಸಿತು. ವಿದ್ಯಾವಂತ ತರುಣರಿಗೆ ಅವಕಾಶ ದೊರಕಲೆಂಬುದು ಅದರ ಉದ್ದೇಶ. ಸಾವಿರಾರು ಮಂದಿ ಒಮ್ಮೆಗೇ ನಿವೃತ್ತರಾದರು. 1984ರ ಆಗಸ್ಟ್‌ನಲ್ಲಿ ಮತ್ತೆ 58 ಜಾರಿಗೆ ಬಂದಿತಾದರೂ, ನಡುವೆ ನಿವೃತ್ತರಾದವರು ಹೊರಗೇ ಉಳಿದರು. 1985ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಯಸ್ಸಿನ ಇಳಿಕೆಯನ್ನು ಎತ್ತಿಹಿಡಿಯಿತು. ಆದರೆ ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ, ನಡುವೆ ಸಿಲುಕಿದವರನ್ನು ಕೈಬಿಡುವುದು ನ್ಯಾಯವಲ್ಲವೆಂದಿತು. ಇಂದು ಅದೇ ರಾಜ್ಯದಲ್ಲಿ ನಿವೃತ್ತಿ ವಯಸ್ಸು 62. ದುಡಿಯಲಾರದ ವಯಸ್ಸು ಎಂಬುದು ಪ್ರಕೃತಿನಿಯಮವಲ್ಲ, ಕಾಲಕಾಲಕ್ಕೆ ಮನುಷ್ಯನು ಎಳೆಯುವ ಗೆರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸರ್ಕಾರಿ ನೌಕರನಿಗಾದರೋ ಈ ಗೆರೆ ಮೊದಲೇ ತಿಳಿದಿರುತ್ತದೆ. ಖಾಸಗಿ ಉದ್ಯೋಗಿಗೆ ಅದು ಕಣ್ಣಿಗೆ ಕಾಣದು. ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡು, ಕಾರ್ಖಾನೆಯೊಂದರಲ್ಲಿ 25 ವರ್ಷ ದುಡಿದು, 50ನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಅರ್ಜಿಗೆ 'ಅರ್ಹತೆ ಹೆಚ್ಚಾಯಿತು' ಎಂಬ ಉತ್ತರ ಬರುತ್ತದೆ, ಇಲ್ಲವೇ ಉತ್ತರವೇ ಬರುವುದಿಲ್ಲ. ನೌಕರರ ಪಿಂಚಣಿ ಯೋಜನೆಯ ಪೂರ್ಣ ಪಿಂಚಣಿಗೆ 58 ತುಂಬಬೇಕು. 50ರ ನಂತರ ಪಡೆಯಬಹುದಾದರೂ, ಮುಂಚಿತವಾದ ಪ್ರತಿ ವರ್ಷಕ್ಕೆ ಶೇಕಡಾ 4ರಂತೆ ಕಡಿತವುಂಟು. ರಕ್ತದೊತ್ತಡ, ಮಧುಮೇಹಗಳು ತಲೆದೋರುವ ವಯಸ್ಸಿನಲ್ಲೇ ಕಂಪನಿಯ ವೈದ್ಯಕೀಯ ವಿಮೆಯೂ ಕೈತಪ್ಪುತ್ತದೆ. ನಿದ್ರೆಗೆಡುವುದು, ಮಂಕು ಕವಿಯುವುದು ಬಳಿಕ ಬರುವ ಬಾಧೆಗಳು.

ಕಾನೂನು ಇವನಿಗೆ ನೆರವಾಗುವುದೇ? ನಮ್ಮ ಸಂವಿಧಾನದ 16ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಮುಂತಾದವುಗಳ ಆಧಾರದ ಭೇದವನ್ನು ನಿಷೇಧಿಸಿದೆ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಅಮೆರಿಕದಲ್ಲಿ 1967ರ ಕಾಯಿದೆಯು 40 ದಾಟಿದವರಿಗೆ ಉದ್ಯೋಗದಲ್ಲಿ ರಕ್ಷಣೆ ಒದಗಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1980ರಲ್ಲಿಯೇ ಹಿರಿಯ ಕೆಲಸಗಾರರ ವಿಷಯದಲ್ಲಿ ಶಿಫಾರಸನ್ನು ಅಂಗೀಕರಿಸಿದೆ.

ಮಾಲೀಕರ ಅಳುಕಿಗೂ ಕಾರಣಗಳುಂಟು: ಹೆಚ್ಚಿನ ಸಂಬಳದ ನಿರೀಕ್ಷೆ, ಹೊಸ ಯಂತ್ರಗಳ ಪರಿಚಯದ ಕೊರತೆ, ಕಿರಿಯ ಅಧಿಕಾರಿಯ ಕೈಕೆಳಗೆ ದುಡಿಯುವ ಸಂಕೋಚ. ಆದರೆ ಇವು ವ್ಯಕ್ತಿಯನ್ನು ಕಂಡು ತೀರ್ಮಾನಿಸಬೇಕಾದ ಸಂಗತಿಗಳೇ ಹೊರತು ಜನ್ಮದಿನಾಂಕವನ್ನು ನೋಡಿಯಲ್ಲ. ಅನುಭವಿಯನ್ನು ಕಳುಹಿಸಿದ ಸಂಸ್ಥೆಯು ಉಳಿಸಿದ ಸಂಬಳ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ; ಅವನೊಡನೆ ಹೋದ ತಿಳಿವಳಿಕೆ ಯಾವ ಪುಟದಲ್ಲಿಯೂ ಕಾಣುವುದಿಲ್ಲ.

ಹೀಗಿರುವಾಗ ಉದ್ಯೋಗಿಯು ಮಾಡಬಹುದಾದುದೇನು? ಕೆಲಸ ಬದಲಾದಾಗ ಭವಿಷ್ಯನಿಧಿಯನ್ನು ಹಿಂಪಡೆಯದೆ ಹೊಸ ಖಾತೆಗೆ ವರ್ಗಾಯಿಸಿದರೆ ಸೇವಾವಧಿ ಮುರಿಯುವುದಿಲ್ಲ. ಕುಟುಂಬಕ್ಕೆ ಸ್ವಂತ ಆರೋಗ್ಯ ವಿಮೆಯನ್ನು 45ರೊಳಗೇ ಮಾಡಿಸುವುದು ಲೇಸು. ಮನೆಸಾಲವು 50ರೊಳಗೆ ತೀರುವಂತೆ ಯೋಜಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಕೆಲಸ ಕಳೆದುಕೊಂಡ ಸಂಗತಿಯನ್ನು ಮನೆಯವರಿಂದ ಮುಚ್ಚಿಡಬಾರದು. ಆ ಭಾರವನ್ನು ಒಬ್ಬನೇ ಹೊರುವವನ ಆರೋಗ್ಯ ಮೊದಲು ಕೆಡುತ್ತದೆ. ಸಂಘದ ಬಂಧುಗಳಾದರೂ ಅಂತಹವನ ಮುಂದೆ ವಯಸ್ಸನ್ನು ಕೇಳುವ ಮೊದಲು ಅವನು ಬಲ್ಲ ಕೆಲಸವನ್ನು ಕೇಳಲಿ.