ಕೊಂಡ ಪದವಿ

ಹೋದ ವರ್ಷ ಕಾರ್ತಿಕ ಮಾಸದ ಒಂದು ಸಂಜೆ ನಮ್ಮ ಬೀದಿಯ ತರುಣನೊಬ್ಬ ಕಂದುಬಣ್ಣದ ದೊಡ್ಡ ಲಕೋಟೆಯೊಂದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ. ಅವನ ತಂದೆ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ನನಗೆ ಹಳೆಯ ಪರಿಚಯ. ಲಕೋಟೆಯಿಂದ ಅವನು ತೆಗೆದು ಮೇಜಿನ ಮೇಲೆ ಹರಡಿದ ಕಾಗದಗಳು ನೋಡುವುದಕ್ಕೆ ಬಹು ಚೆನ್ನಾಗಿದ್ದುವು. ದಪ್ಪ ಕಾಗದ, ಹೊನ್ನಿನ ಬಣ್ಣದ ಉಬ್ಬು ಮೊಹರು, ಲ್ಯಾಟಿನ್ ಭಾಷೆಯ ಧ್ಯೇಯವಾಕ್ಯ, ಕೆಳಗೆ ಇಬ್ಬರು ಮಹನೀಯರ ಸಹಿ. ಅಮೆರಿಕದ ಹೆಸರಿನ ಒಂದು ವಿಶ್ವವಿದ್ಯಾಲಯ ಅವನನ್ನು ಶಿಕ್ಷಣಶಾಸ್ತ್ರದ ಪದವೀಧರನೆಂದು ಸಾರಿತ್ತು. ಪದವಿಯ ತಾರೀಖು ಮೂರು ವರ್ಷ ಹಿಂದಿನದು. ಅವನು ಹಣ ಕಟ್ಟಿದ್ದು ಆ ವರ್ಷದ ಶ್ರಾವಣದಲ್ಲಿ.

“ಮೇಷ್ಟ್ರೇ, ನೀವು ದುಬೈ ಕಡೆ ಇದ್ದವರು. ಇದನ್ನಿಟ್ಟುಕೊಂಡರೆ ಅಲ್ಲಿ ಉಪಾಧ್ಯಾಯರ ಕೆಲಸ ಸಿಕ್ಕುತ್ತದೆಯೆ?” ಎಂದು ಕೇಳಿದ.

ನನ್ನನ್ನೇ ಹುಡುಕಿಕೊಂಡು ಬಂದುದಕ್ಕೆ ಕಾರಣವುಂಟು. 1991ರಿಂದ 2016ರವರೆಗೆ ನಾನು ಅರಬ್ ಸಂಯುಕ್ತ ಸಂಸ್ಥಾನದ ಭಾರತೀಯ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿದವನು. ಕೊನೆಯ ಹತ್ತು ವರ್ಷ ಉಪಾಧ್ಯಾಯರನ್ನು ಆರಿಸುವ ಸಮಿತಿಯಲ್ಲಿಯೂ ಕುಳಿತಿದ್ದೆ. ಹುಡುಗನಿಗೆ ಬೇಕಾಗಿದ್ದುದು ಹೌದು ಅಥವಾ ಇಲ್ಲ ಎಂಬ ಒಂದು ಮಾತು. ಆ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಂದು ಅವನಿಗೆ ಹೇಳಿದ್ದನ್ನೂ, ಹೇಳಲು ನಾಚಿ ಬಿಟ್ಟುದನ್ನೂ ಸೇರಿಸಿ ಇಂದು ಕೇಳುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ಕಳೆಯಬೇಕು. ಆನ್‌ಲೈನ್ ಪದವಿ ಬೇರೆ, ಕೊಂಡ ಪದವಿ ಬೇರೆ. ಮನೆಯಲ್ಲೇ ಕುಳಿತು ಓದುವುದು ಅಗೌರವದ ವಿಷಯವಲ್ಲ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1969ರಲ್ಲಿ. ಅದೇ ವರ್ಷ ನಮ್ಮ ಮೈಸೂರು ವಿಶ್ವವಿದ್ಯಾಲಯವೂ ಅಂಚೆಯ ಮೂಲಕ ಪಾಠ ಕಳುಹಿಸಲು ತೊಡಗಿತು. ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ದೀಪದ ಮುಂದೆ ಆ ಪಾಠಗಳನ್ನು ಓದಿ ಎಂ.ಎ. ಆದವರು ಈ ನಾಡಿನಲ್ಲಿ ಎಷ್ಟು ಮಂದಿ! ಇಂದು ಅಂಚೆಯ ಜಾಗಕ್ಕೆ ಅಂತರಜಾಲ ಬಂದಿದೆ, ಅಷ್ಟೆ. ಪಾಠವಿದೆ, ಪರೀಕ್ಷೆಯಿದೆ, ನಪಾಸಾಗುವ ಭಯವೂ ಇದೆ. ನನ್ನ ಮುಂದಿದ್ದ ಕಾಗದದಲ್ಲಿ ಇಲ್ಲದೆ ಇದ್ದುದು ಆ ಭಯವೇ. ಹುಡುಗನಿಂದ ಅವರು ಕೇಳಿದ್ದು ಮೂರು ಸಂಗತಿ: ಹೆಸರು ಹೇಗೆ ಬರೆಯಬೇಕು, ಯಾವ ವರ್ಷದ ತಾರೀಖು ಹಾಕಬೇಕು, ಹಣವನ್ನು ಯಾವಾಗ ಕಳುಹಿಸುತ್ತೀರಿ. ಮಿಕ್ಕದ್ದೆಲ್ಲಕ್ಕೆ ‘ಜೀವನಾನುಭವ’ ಎಂಬ ಒಂದು ಹೆಸರಿತ್ತು.

ಜೀವನಾನುಭವವೆಂದಾಗ ಒಂದು ಬೆಕ್ಕಿನ ನೆನಪಾಗುತ್ತದೆ. 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸರ್ಕಾರಿ ವಕೀಲರ ಕಚೇರಿಯವರು, ಟ್ರಿನಿಟಿ ಸದರ್ನ್ ಎಂಬ ವಿಶ್ವವಿದ್ಯಾಲಯವನ್ನು ಪರೀಕ್ಷಿಸುವುದಕ್ಕಾಗಿ ಕಾಲ್ಬಿ ನೋಲನ್ ಎಂಬ ಹೆಸರಿನಲ್ಲಿ 299 ಡಾಲರು ಕಟ್ಟಿ ಪದವಿಗೆ ಅರ್ಜಿ ಹಾಕಿದರು. ಅರ್ಜಿಯಲ್ಲಿ ಬರೆದ ಅನುಭವವನ್ನು ಮೆಚ್ಚಿ, ಇನ್ನೊಂದಿಷ್ಟು ಹಣ ಕೊಟ್ಟರೆ ಎಂ.ಬಿ.ಎ. ಪದವಿಯನ್ನೇ ಕೊಡಬಹುದೆಂದು ವಿಶ್ವವಿದ್ಯಾಲಯ ತಿಳಿಸಿತು, ಕೊಟ್ಟಿತು ಕೂಡ. ಕಾಲ್ಬಿ ನೋಲನ್ ಆರು ವರ್ಷದ ಒಂದು ಬೆಕ್ಕು. ಅಂಕಪಟ್ಟಿಯಲ್ಲಿ ಅದಕ್ಕೆ ಒಳ್ಳೆಯ ದರ್ಜೆಯೇ ಬಂದಿತ್ತು. ಇದನ್ನು ಹೇಳಿದಾಗ ಹುಡುಗ ನಕ್ಕ. ನಕ್ಕಮೇಲೆ ತನ್ನ ಅಂಕಪಟ್ಟಿಯತ್ತ ನೋಡಿಕೊಂಡ.

“ಇದಕ್ಕೆ ಮಾನ್ಯತೆ ಇದೆ ಮೇಷ್ಟ್ರೇ, ಪತ್ರವನ್ನೂ ಕೊಟ್ಟಿದ್ದಾರೆ” ಎಂದ. ಮಾನ್ಯತೆಯೂ ಅದೇ ಅಂಗಡಿಯ ಸರಕು ಎಂಬುದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ದಂಪತಿಗಳಿಬ್ಬರು ಸೇಂಟ್ ರೀಜಿಸ್ ಎಂಬ ಹೆಸರಿನಲ್ಲಿ 2005ರವರೆಗೆ ಪದವಿಗಳನ್ನು ಮಾರಿದರು. ಮಾನ್ಯತೆ ಬೇಕೆಂದು ಆಫ್ರಿಕದ ಲೈಬೀರಿಯ ದೇಶದ ಅಧಿಕಾರಿಗಳಿಗೆ ಲಂಚ ಕೊಟ್ಟು ಅದನ್ನೂ ತಂದುಕೊಂಡರು. 2008ರಲ್ಲಿ ಇಬ್ಬರಿಗೂ ಸೆರೆವಾಸವಾಯಿತು. ಮುಖ್ಯವಾದದ್ದು ಅದಲ್ಲ. ಅಂಗಡಿ ಮುಚ್ಚಿದ ಮೇಲೆ ಅದರ ಖಾತೆಪುಸ್ತಕ ಉಳಿಯಿತು. ಕೊಂಡವರ ಪಟ್ಟಿಯನ್ನು, ಹತ್ತಿರ ಹತ್ತಿರ 10,000 ಹೆಸರುಗಳನ್ನು, ಆ ಊರಿನ ಪತ್ರಿಕೆ ಅಚ್ಚುಹಾಕಿತು. ಕೊಂಡವರಲ್ಲಿ ಶಾಲೆಯ ಉಪಾಧ್ಯಾಯರೂ ಇದ್ದರು. ಹೆಚ್ಚಿನ ಪದವಿ ತೋರಿಸಿ ಸಂಬಳ ಹೆಚ್ಚಿಸಿಕೊಂಡಿದ್ದವರು.

ಇದಕ್ಕಿಂತ ದೊಡ್ಡ ವ್ಯಾಪಾರ ನಮ್ಮ ನೆರೆಯ ಕರಾಚಿಯಲ್ಲಿ ನಡೆಯಿತು. ಆಕ್ಸಾಕ್ಟ್ ಎಂಬ ಕಂಪೆನಿಯ ಕಥೆಯನ್ನು 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೊರಗೆಡಹಿತು. ಅಂತರಜಾಲದಲ್ಲಿ 300ಕ್ಕೂ ಹೆಚ್ಚು ತಾಣಗಳು: ಕೆಲವು ವಿಶ್ವವಿದ್ಯಾಲಯಗಳು, ಕೆಲವು ಆ ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಮಂಡಲಿಗಳು, ಚಿತ್ರಗಳಲ್ಲಿ ಪ್ರಾಧ್ಯಾಪಕರಂತೆ ಮಾತನಾಡಿದವರು ಹಣಕ್ಕೆ ಬಂದ ನಟರು. ಕೊಲ್ಲಿಯ ದೇಶಗಳಲ್ಲಿ ದುಡಿಯುವವರೇ ಅವರ ಒಳ್ಳೆಯ ಗಿರಾಕಿಗಳು. ಪದವಿ ಕೈಸೇರಿದ ಮೇಲೆ ವ್ಯಾಪಾರದ ಎರಡನೆಯ ಭಾಗ ಆರಂಭವಾಗುತ್ತಿತ್ತು. ಸರ್ಕಾರದ ಅಧಿಕಾರಿಯೆಂದು ಹೇಳಿಕೊಂಡು ಒಬ್ಬ ದೂರವಾಣಿ ಮಾಡುತ್ತಿದ್ದ: ನಿಮ್ಮ ಪದವಿಗೆ ದೃಢೀಕರಣ ಆಗಿಲ್ಲ, ಇಷ್ಟು ಹಣ ಕಟ್ಟಿ, ಇಲ್ಲವಾದರೆ ತೊಂದರೆ. ಅಬುಧಾಬಿಯ ಕಟ್ಟಡ ಕಂಪೆನಿಯೊಂದರ ಕಿರಿಯ ಲೆಕ್ಕಿಗನೊಬ್ಬ 3,300 ಡಾಲರಿಗೆ ಆರಂಭಿಸಿದ್ದು ಹೀಗೆ ಬೆಳೆಯುತ್ತ ಬೆಳೆಯುತ್ತ 30,000 ಡಾಲರಿಗೆ ಮುಟ್ಟಿತು. ಕಳ್ಳಮಾಲು ಕೊಂಡವನು ಪೊಲೀಸರ ಬಳಿ ಹೋಗಲಾರನೆಂಬುದು ಮಾರಿದವನಿಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಿಯೂ ಇಂಥ ಸಂಸ್ಥೆಗಳಿಗೆ ಕೊರತೆಯಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಆಗಾಗ ಪ್ರಕಟಿಸುತ್ತ ಬಂದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಗೋಕಾಕದ ಒಂದು ಹೆಸರು ವರ್ಷಗಟ್ಟಲೆ ಕಾಣಿಸಿಕೊಂಡಿತು. 1956ರ ಕಾಯಿದೆಯಲ್ಲಿ ಅಧಿಕಾರವಿಲ್ಲದೆ ಪದವಿ ಕೊಟ್ಟವರಿಗೆ ಗೊತ್ತುಮಾಡಿದ ದಂಡ ಎಷ್ಟೆಂದು ನೋಡಿದೆ: ಹೆಚ್ಚೆಂದರೆ ಒಂದು ಸಾವಿರ ರೂಪಾಯಿ! ನಮ್ಮ ಹುಡುಗ ಕೊಟ್ಟಿದ್ದು ಒಂದು ಲಕ್ಷ ನಲವತ್ತು ಸಾವಿರ.

ಇನ್ನು ಅವನ ಪ್ರಶ್ನೆಗೆ ಬರುತ್ತೇನೆ. ಕೊಂಡ ಪದವಿಯಿಂದ ಕೆಲಸ ಸಿಕ್ಕುವುದೇ ಇಲ್ಲವೆಂದರೆ ಅದು ಸುಳ್ಳಾದೀತು. ಸಿಕ್ಕಿದವರನ್ನು ನಾನು ಕಂಡಿದ್ದೇನೆ. ವರ್ಷದ ನಡುವೆ ಉಪಾಧ್ಯಾಯರೊಬ್ಬರು ಬಿಟ್ಟುಹೋದಾಗ, ತರಗತಿ ಗದ್ದಲ ಮಾಡುತ್ತಿರುವಾಗ, ಚೆನ್ನಾಗಿ ಮಾತನಾಡಬಲ್ಲವರೊಬ್ಬರು ಬಂದು ನಿಂತರೆ ಕಾಗದವನ್ನು ಬೆಳಕಿಗೆ ಹಿಡಿದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆದರೆ ಕೆಲಸ ಸಿಕ್ಕುವುದು ಒಂದು, ಉಳಿಯುವುದು ಇನ್ನೊಂದು. ಕೊಲ್ಲಿಯಲ್ಲಿ ಉಪಾಧ್ಯಾಯನ ನೇಮಕವನ್ನು ಶಾಲೆಯೊಂದೇ ತೀರ್ಮಾನಿಸುವುದಿಲ್ಲ. ಅಲ್ಲಿಯ ಸರ್ಕಾರವೂ ಒಪ್ಪಬೇಕು. ಭಾರತದ ಪದವಿಯಾದರೆ ಮೊದಲು ನಮ್ಮ ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ದೆಹಲಿಯ ವಿದೇಶಾಂಗ ಇಲಾಖೆಯದು, ಅನಂತರ ಆ ದೇಶದ ರಾಯಭಾರ ಕಚೇರಿಯದು, ಕೊನೆಗೆ ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆಯದು. ಅಟೆಸ್ಟೇಷನ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಇದನ್ನು ಮುಗಿಸಿದವರು ಗೆದ್ದೆವೆಂದುಕೊಳ್ಳುತ್ತಾರೆ. ಆದರೆ ಒಂದೊಂದು ಮುದ್ರೆಯೂ ಹೇಳುವುದು ತನ್ನ ಹಿಂದಿನ ಮುದ್ರೆ ಸರಿಯಾಗಿದೆ ಎಂದು ಮಾತ್ರ. ಪದವಿಯ ತಿರುಳನ್ನು ನೋಡುವುದು ಬೇರೆಯೇ ಒಂದು ಘಟ್ಟ. ನಿಮ್ಮ ಪದವಿ ನಮ್ಮ ಪದವಿಗೆ ಸಮಾನವೇ, ಎಷ್ಟು ವರ್ಷ ಓದಿದಿರಿ, ಎಲ್ಲಿ ಓದಿದಿರಿ ಎಂದು ಅಲ್ಲಿ ಕೇಳುತ್ತಾರೆ. ಪತ್ರ ನೇರವಾಗಿ ವಿಶ್ವವಿದ್ಯಾಲಯಕ್ಕೇ ಹೋಗುತ್ತದೆ. ನಮ್ಮ ಕಾಲದಲ್ಲಿ ಈ ಪರೀಕ್ಷೆ ಎಲ್ಲರಿಗೂ ಒಟ್ಟಿಗೆ ಬರುತ್ತಿರಲಿಲ್ಲ. ಬಂದಾಗ ಮುಂಚೆ ತಿಳಿಸಿಯೂ ಬರುತ್ತಿರಲಿಲ್ಲ.

ಈಗ ಹುಡುಗನಿಗೆ ಹೇಳದೆ ಬಿಟ್ಟ ಮಾತು.

2009ರಲ್ಲಿ ನಮ್ಮ ಶಾಲೆಗೆ ಇಂಗ್ಲಿಷ್ ಉಪಾಧ್ಯಾಯಿನಿಯೊಬ್ಬರು ಬೇಕಾಗಿದ್ದರು. ಬಂದವರಲ್ಲಿ ಒಬ್ಬಾಕೆ ಎಂಟನೆಯ ತರಗತಿಗೆ ಒಂದು ಪದ್ಯವನ್ನು ಪಾಠ ಮಾಡಿ ತೋರಿಸಿದರು. ನಲವತ್ತು ನಿಮಿಷ ಆ ಮಕ್ಕಳು ಕಿಟಕಿಯ ಕಡೆ ನೋಡಲಿಲ್ಲ. ಆಕೆಯ ಬಿ.ಎ. ಬೆಂಗಳೂರಿನದು, ಅಪ್ಪಟವಾದದ್ದು. ಬಿ.ಎಡ್. ಮಾತ್ರ ಹೊರದೇಶದ್ದು, ಅಂತರಜಾಲದಿಂದ ಬಂದದ್ದು. ಅದರ ಅಂಕಪಟ್ಟಿಯಲ್ಲಿ ಮಕ್ಕಳ ಮುಂದೆ ನಿಂತು ಪಾಠಮಾಡಿದ ಅಭ್ಯಾಸದ ಉಲ್ಲೇಖವೇ ಇರಲಿಲ್ಲ, ಅಭ್ಯಾಸಪಾಠವಿಲ್ಲದ ಬಿ.ಎಡ್. ಎಂದರೆ ನೀರಿಗಿಳಿಯದೆ ಕಲಿತ ಈಜು. “ಇದೇನು ಮೇಡಂ?” ಎಂದು ಕೇಳಿದೆ. “ಆನ್‌ಲೈನಿನಲ್ಲಿ ಮಾಡಿದ್ದು ಸರ್” ಎಂದರು. ಅವರ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ. ನನಗೆ ಅರ್ಥವಾಯಿತು. ಪಾಠ ಇಷ್ಟು ಚೆನ್ನಾಗಿ ಮಾಡುತ್ತಾರಲ್ಲ, ಒಂದು ಕಾಗದಕ್ಕಾಗಿ ಇಂಥವರನ್ನು ಕಳೆದುಕೊಳ್ಳಬೇಕೆ ಎಂದುಕೊಂಡು ಸಹಿ ಹಾಕಿದೆ. ಉದಾರತನವೆಂದು ಆಗ ತೋರಿತು.

ಐದು ವರ್ಷ ಆಕೆ ಬಹಳ ಒಳ್ಳೆಯ ಉಪಾಧ್ಯಾಯಿನಿಯಾಗಿದ್ದರು. ಅಧಿಕಾರಿಗಳ ಪತ್ರವೆಂದರೆ ಬಣ್ಣಗೆಡುತ್ತಿದ್ದರು. ಬಡ್ತಿಗೆ ಹೆಸರು ಸೂಚಿಸಿದಾಗ ಬೇಡವೆಂದರು. 2014ರಲ್ಲಿ ಪರಿಶೀಲನೆ ಬಂತು. ಕೊಟ್ಟ ವಿಳಾಸದಲ್ಲಿ ಉತ್ತರ ಹೇಳುವವರು ಯಾರೂ ಇರಲಿಲ್ಲ; ಅಂತರಜಾಲದ ತಾಣವೇ ಮಾಯವಾಗಿತ್ತು. ಸುಳ್ಳು ದಾಖಲೆ ಒದಗಿಸುವುದು ಅಲ್ಲಿ ಸೆರೆಮನೆಗೆ ಒಯ್ಯುವ ಅಪರಾಧ. ಆಕೆ ಹತ್ತು ದಿನಗಳಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟುಹೋದರು. ಮಕ್ಕಳು ನಮ್ಮ ಶಾಲೆಯಲ್ಲೇ ಓದುತ್ತಿದ್ದರು. ಗೆಳೆಯರಿಗೆ ಹೇಳಿಹೋಗುವುದಕ್ಕೂ ಅವಕಾಶವಾಗಲಿಲ್ಲ. ಅಂದು ನಾನು ಸಹಿ ಹಾಕದೆ, “ಮೇಡಂ, ಊರಿನಲ್ಲಿ ಎರಡು ವರ್ಷ ಓದಿ ಬನ್ನಿ, ಈ ಕೆಲಸ ಅಲ್ಲದಿದ್ದರೆ ಇನ್ನೊಂದು ಸಿಕ್ಕೀತು” ಎಂದಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಆ ಒಂದು ಕಾಗದದ ನಂತರ ಶಾಲೆಯ ಎಲ್ಲರ ಕಾಗದಗಳೂ ಮತ್ತೆ ಮೇಜಿನ ಮೇಲೆ ಬಂದುವು. ಉಡುಪಿಯ ಕಡೆಯ ಹಿಂದಿ ಉಪಾಧ್ಯಾಯಿನಿಯೊಬ್ಬರು ಇಪ್ಪತ್ತು ವರ್ಷದ ಸೇವೆಯವರು. ಅವರ ಎಂ.ಎ. ಅಂಚೆ ಶಿಕ್ಷಣದ್ದು; ಪ್ರಾಮಾಣಿಕವಾಗಿ ಓದಿ, ಪರೀಕ್ಷೆಗೆ ಕುಳಿತು ಪಡೆದದ್ದು. ತರಗತಿಗೆ ಹೋಗಿ ಕಲಿತದ್ದಲ್ಲವೆಂದು ಅದಕ್ಕೆ ಸಮಾನತೆ ದೊರೆಯಲಿಲ್ಲ. ಆಕೆ ಅದನ್ನು ಅವಮಾನವೆಂದೇ ತೆಗೆದುಕೊಂಡರು. “ಅವರೂ ನಾನೂ ಒಂದೇ ಆದೆವೇ ಸರ್?” ಎಂದು ಕೇಳಿದ್ದು ನನ್ನ ಕಿವಿಯಲ್ಲಿದೆ.

ಸಂಶಯ ಒಮ್ಮೆ ಹುಟ್ಟಿತೆಂದರೆ ಅದು ಯಾವ ಮಟ್ಟಕ್ಕೆ ಹೋಗುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ನಮ್ಮ ಹಲವು ವಿಶ್ವವಿದ್ಯಾಲಯಗಳ ಅಂಕಪಟ್ಟಿಯಲ್ಲಿ ‘ಇಂಟರ್ನಲ್’, ‘ಎಕ್ಸ್‌ಟರ್ನಲ್’ ಎಂದು ಎರಡು ಅಂಕಣಗಳಿರುತ್ತವೆ. ಒಂದು ಕಾಲೇಜಿನವರೇ ಕೊಡುವ ಅಂಕ, ಇನ್ನೊಂದು ವಿಶ್ವವಿದ್ಯಾಲಯದ ಪರೀಕ್ಷೆಯದು. ಎಕ್ಸ್‌ಟರ್ನಲ್ ಎಂದರೆ ಕಾಲೇಜಿಗೇ ಹೋಗದೆ ಹೊರಗಿನಿಂದ ಓದಿದವರು ಎಂದು ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅರ್ಥಮಾಡಲಾಯಿತು. ದಿನವೂ ಕಾಲೇಜಿಗೆ ನಡೆದವರ ಪದವಿಗೂ ಸಮಾನತೆ ಸಿಕ್ಕದೆ ಎಷ್ಟೋ ಭಾರತೀಯ ಉಪಾಧ್ಯಾಯರ ಕೆಲಸಕ್ಕೆ ಸಂಚಕಾರ ಬಂತು. ನಮ್ಮ ರಾಯಭಾರ ಕಚೇರಿ ಈ ಪದದ ಅರ್ಥವನ್ನು ವಿವರಿಸಿ ಹೇಳಿದ ಮೇಲೆ 2018ರಲ್ಲಿ ಆ ತೊಡಕು ಬಿಡಿಸಿತು. ಒಂದು ಪದದ ಅರ್ಥ ತಿಳಿಯುವವರೆಗೆ ಕೆಲಸ ಕಳೆದುಕೊಂಡು ಊರಿಗೆ ಬಂದವರು ಬಂದಿದ್ದರು.

ಮಾನ್ಯತೆಯೆಂಬುದು ನಮ್ಮಲ್ಲೇ ಎಷ್ಟು ನಾಜೂಕಾದ ವಸ್ತುವೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ರಾಜ್ಯದ ಆಚೆಗೆಲ್ಲ ಅಧ್ಯಯನ ಕೇಂದ್ರಗಳನ್ನು ಹಬ್ಬಿಸಿದ ಪ್ರಶ್ನೆ ಎದ್ದು, 2013ರಿಂದ ಅದಕ್ಕೆ ಆಯೋಗದ ಮನ್ನಣೆ ಇಲ್ಲದಾಯಿತು. ಮತ್ತೆ ದೊರೆತದ್ದು 2018ರಲ್ಲಿ. ನಡುವಿನ ವಿದ್ಯಾರ್ಥಿಗಳು ಯಾವ ತಪ್ಪನ್ನೂ ಮಾಡಿದವರಲ್ಲ. ನಿಜವಾಗಿ ಓದಿದವನ ಕಾಗದಕ್ಕೇ ಇಷ್ಟು ಗಂಡಾಂತರವಿರುವಾಗ ಓದದೆ ಕೊಂಡವನ ಕಾಗದದ ಗತಿ ಏನು?

ಇದರಲ್ಲಿ ಬಹುಪಾಲನ್ನು ಅಂದು ಹುಡುಗನಿಗೆ ಹೇಳಿದೆ. ಅವನು ಬಿ.ಎ. ಎರಡನೆಯ ವರ್ಷಕ್ಕೆ ನಿಲ್ಲಿಸಿದವನು. ಮನೆಯ ಸ್ಥಿತಿ ಹಾಗಿತ್ತು. ಬಿಟ್ಟ ವಿಷಯಗಳನ್ನು ಮತ್ತೆ ಕಟ್ಟಲು ಸಾಧ್ಯವೇ ಎಂದು ಮೊದಲು ಕಾಲೇಜಿನಲ್ಲಿ ವಿಚಾರಿಸು, ಆಗದಿದ್ದರೆ ಮುಕ್ತ ವಿಶ್ವವಿದ್ಯಾಲಯವಿದೆ, ಆದರೆ ಸೇರುವ ಮುಂಚೆ ಆ ವರ್ಷಕ್ಕೆ, ಆ ವಿಷಯಕ್ಕೆ ಮನ್ನಣೆ ಇದೆಯೇ ಎಂದು ಆಯೋಗದ ಪಟ್ಟಿಯಲ್ಲೇ ನೋಡು, ಬಿ.ಎಡ್. ಮಾತ್ರ ಕಾಲೇಜಿಗೆ ಹೋಗಿಯೇ ಮಾಡು ಎಂದೆ. ಅವನು ಬೆರಳು ಮಡಿಸಿ ವರ್ಷಗಳನ್ನು ಎಣಿಸಿದ. ಹಣ ವಾಪಸು ಬರುತ್ತದೆಯೇ ಎಂದು ಕೇಳಿದ. ಪೊಲೀಸರಿಗೆ ದೂರು ಕೊಡಬಹುದು ಎಂದೆ. ಅವನು ಉತ್ತರ ಕೊಡಲಿಲ್ಲ.

ಕಾಗದಗಳನ್ನು ಒಂದೊಂದಾಗಿ ಮಡಿಕೆ ಬೀಳದಂತೆ ಲಕೋಟೆಯಲ್ಲಿಟ್ಟುಕೊಂಡು ಎದ್ದ. ಬಾಗಿಲ ಬಳಿ ನಿಂತು, “ಅಪ್ಪನಿಗೆ ಹೇಳಬೇಡಿ ಮೇಷ್ಟ್ರೇ, ಅವರು ಮಂಡಿಯ ಸಾಹುಕಾರರಲ್ಲಿ ಸಾಲ ಮಾಡಿ ಕೊಟ್ಟ ದುಡ್ಡು” ಎಂದ.

ಹೇಳಿಲ್ಲ. ಅವನು ಈಗ ತುಮಕೂರಿನ ಒಂದು ಟ್ಯುಟೋರಿಯಲ್ಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾನೆಂದು ತಿಳಿದಿದ್ದೇನೆ. ಪರೀಕ್ಷೆಗೆ ಹಣ ಕಟ್ಟಿದ್ದಾನೆಂದೂ ಹೇಳುತ್ತಾರೆ. ಸಂತೆಯ ದಿನ ಅವನ ತಂದೆ ಎದುರಾದಾಗಲೆಲ್ಲ ಚೀಲವನ್ನು ಕೆಳಗಿಟ್ಟು, “ನಮ್ಮ ಹುಡುಗನ ವೀಸಾ ಎಲ್ಲಿಗೆ ಬಂತು ಮೇಷ್ಟ್ರೇ, ನಿಮಗೇನಾದರೂ ಹೇಳಿದನೇ?” ಎಂದು ಕೇಳುತ್ತಾರೆ.