ಬೂರುಗದ ಮುಳ್ಳು, ಹದಿನೈದರ ಮುಖ

ಮೊಡವೆಯನ್ನು ಬೂರುಗದ ಮುಳ್ಳಿಗೆ ಹೋಲಿಸಿದವನು ಸುಶ್ರುತ. ಅವನ ಸಂಹಿತೆಯ ನಿದಾನಸ್ಥಾನದಲ್ಲಿ, ಸಣ್ಣಪುಟ್ಟ ರೋಗಗಳ ಸಾಲಿನಲ್ಲಿ ‘ಮುಖದೂಷಿಕೆ’ ಬರುತ್ತದೆ: ಕಫ, ವಾತ, ರಕ್ತಗಳು ಕೆಟ್ಟು ಹರೆಯದವರ ಮುಖದ ಮೇಲೆ ಏಳುವ, ಶಾಲ್ಮಲಿಯ ಮುಳ್ಳಿನಂಥ ಗುಳ್ಳೆಗಳು. ಈ ಉಪಮೆ ಎಷ್ಟು ಕರಾರುವಾಕ್ಕು ಎಂದು ತಿಳಿಯಲು ಮರದ ಮುಂದೆಯೇ ನಿಲ್ಲಬೇಕು.

ಮೊನ್ನೆ ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋದಾಗ ಆ ಭಾಗ್ಯ ಒದಗಿತು. ಅಡಿಕೆ ತೋಟದ ಬೇಲಿಯಾಚೆ ತೊಡೆ ಗಾತ್ರದ ಎಳೆ ಬೂರುಗ. ಬುಡದಿಂದ ಕೈಗೆಟುಕುವಷ್ಟು ಎತ್ತರದವರೆಗೂ ಮುಳ್ಳು. ಅಗಲ ಬುಡ, ಮೊನಚು ತುದಿ. ಬುಡ ಬೂದು, ತುದಿ ಕಪ್ಪು. ಕೆಲವು ಒಂಟಿ, ಕೆಲವು ಒಂದಕ್ಕೊಂದು ಅಂಟಿಕೊಂಡು ಗುಂಪು. ಜೊತೆಗಿದ್ದ ತಂಗಿಯ ಮಗನಿಗೆ ಈಗ ಹದಿನೈದು. ಹಣೆ, ಕೆನ್ನೆ ಎರಡೂ ಹೆಚ್ಚುಕಡಿಮೆ ಅದೇ ಸ್ಥಿತಿ. ನಾನು ಬಾಯಿ ತೆರೆಯುವ ಮೊದಲೇ, “ಮಾವ, ನನ್ನ ಮುಖದ ಥರ ಇದೆ ಅಂತ ಮಾತ್ರ ಹೇಳ್ಬೇಡಿ” ಎಂದ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಮುಳ್ಳು ಚಟ್ಟೆಂದು ಬಿಟ್ಟುಬರುತ್ತದೆ. ಅದು ತೊಗಟೆಯದು, ಒಳಗಿನ ಕಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ. ಬಿಟ್ಟ ಜಾಗದಲ್ಲಿ ದುಂಡನೆಯ ಗುರುತು ಉಳಿಯುತ್ತದೆ. ಹುಡುಗ ಒಂದರ ಹಿಂದೊಂದು ಕೀಳತೊಡಗಿದ. ಮೊಡವೆ ಚಿವುಟಿ ಅಭ್ಯಾಸವಾದ ಕೈ, ಸುಮ್ಮನಿದ್ದೀತೆ?

ಬೇಲಿಯ ಇನ್ನೊಂದು ತುದಿಯಲ್ಲಿ ಅಜ್ಜನ ಕಾಲದ ಬೂರುಗವೂ ಇತ್ತು. ಅದರ ಕಾಂಡದಲ್ಲಿ ಮುಳ್ಳನ್ನು ಹುಡುಕಬೇಕು! ಎಳೆತನದಲ್ಲಿ ಮೈತುಂಬ ಇರುವ ಮುಳ್ಳು ಮರ ಬಲಿತಂತೆ ಕಮ್ಮಿಯಾಗುತ್ತದೆ. ಸುಶ್ರುತ ಇದನ್ನೂ ಕಂಡೇ ಹಾಗೆ ಹೇಳಿದನೇ? ಗ್ರಂಥ ಬಾಯಿಬಿಡುವುದಿಲ್ಲ, ಕಂಡಿದ್ದನೆಂದೇ ನಂಬಲು ನನಗಿಷ್ಟ. (ಲಾಲ್‌ಬಾಗಿನ ಹೆಸರಾಂತ ದೈತ್ಯ ಮರವನ್ನು ಇಲ್ಲಿ ಎಳೆದು ತರಬೇಡಿ. ಅದು ಅಮೆರಿಕ ಖಂಡದಿಂದ ಬಂದ ಬಿಳಿ ಬೂರುಗ. ಸುಶ್ರುತನದು ಕೆಂಪು ಹೂವಿನದು.) ಭಾಗವತದ ನರಕಗಳ ಪಟ್ಟಿಯಲ್ಲಿಯೂ ವಜ್ರಕಂಟಕ ಶಾಲ್ಮಲಿ ಎಂಬುದೊಂದಿದೆ, ಪಾಪಿಗಳನ್ನು ಆ ಮುಳ್ಳಿನ ಮೇಲೆ ಎಳೆದಾಡುವ ಜಾಗ. ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೊದ ದಿನ ಮೂಗಿನ ತುದಿಯಲ್ಲಿ ಕೆಂಪು ಗುಳ್ಳೆ ಎದ್ದವರಿಗೆ ಈ ನರಕ ಅಪರಿಚಿತವಲ್ಲ.

ಮನೆಯ ಅಜ್ಜಿಗೆ ಶ್ಲೋಕ ಗೊತ್ತಿಲ್ಲ, ಮದ್ದು ಗೊತ್ತು. “ಆ ಮುಳ್ಳನ್ನೇ ಹಾಲಲ್ಲಿ ತೇಯ್ದು ಹಚ್ಚು ಮಾರಾಯ, ಮೂರೇ ದಿನ” ಎಂದರು. ಬೆರಗಾದೆ. ಸುಶ್ರುತನ ನಂತರದ ವೈದ್ಯಗ್ರಂಥಗಳಲ್ಲಿ ಇರುವುದೂ ಇದೇ: ಹಾಲಿನಲ್ಲಿ ಅರೆದ ಬೂರುಗದ ಮುಳ್ಳು, ಮೂರು ದಿನದ ಲೇಪ, ಆಮೇಲೆ ಕಮಲದಂಥ ಮುಖ. ನೋಡಲು ರೋಗದ ಹಾಗಿರುವುದೇ ರೋಗಕ್ಕೆ ಮದ್ದು ಎಂಬ ಹಳೆಯ ತರ್ಕ. ಹೋಲಿಕೆಗೆ ಪೂರ್ತಿ ಅಂಕ ಕೊಡುತ್ತೇನೆ, ಮದ್ದಿಗೆ ಕೊಡಲಾರೆ. ತೊಗಟೆಯ ಒಗರು ಮೇಲಿನ ಜಿಡ್ಡನ್ನು ಒಂದಿಷ್ಟು ಎಳೆದೀತು. ಮೊಡವೆ ಹುಟ್ಟುವುದು ಅದಕ್ಕಿಂತ ಒಳಗೆ.

ಕೂದಲಿನ ಬುಡದಲ್ಲಿರುವ ಎಣ್ಣೆಗ್ರಂಥಿಗಳು ಆಂಡ್ರೋಜನ್ ಹಾರ್ಮೋನಿನ ಮಾತು ಕೇಳುತ್ತವೆ. ಹರೆಯದಲ್ಲಿ ಅದು ಏರಿದಾಗ, ಹುಡುಗಿಯರಲ್ಲೂ ಕೂಡ, ಜಿಡ್ಡು ಹೆಚ್ಚುತ್ತದೆ. ಸತ್ತ ಚರ್ಮಕೋಶಗಳು ಸೇರಿ ರಂಧ್ರಕ್ಕೆ ಬಿರಡೆ ಬೀಳುತ್ತದೆ. ಒಳಗಿದ್ದ ಬ್ಯಾಕ್ಟೀರಿಯಾ ಬೆಳೆದು ಉರಿಯೂತ. ಬಿರಡೆಯ ತಲೆ ಕಪ್ಪಾಗಿರುವುದು ಕೊಳೆಯಿಂದಲ್ಲ. ಅಂದಮೇಲೆ ದಿನಕ್ಕೆ ಹತ್ತು ಸಲ ಮುಖ ಉಜ್ಜಿ ಏನು ಪ್ರಯೋಜನ?

ಹುಡುಗನ ಪ್ಯಾಂಟು ಗಿಡ್ಡವಾಗಿರುವುದೂ ಇದೇ ಹಾರ್ಮೋನುಗಳ ಕಾಲದ ಕೆಲಸ. ಹುಡುಗಿಯರು ಹನ್ನೆರಡರ ಸುಮಾರಿಗೆ, ಹುಡುಗರು ಹದಿನಾಲ್ಕರ ಸುಮಾರಿಗೆ ಅತಿ ವೇಗವಾಗಿ ಬೆಳೆಯುತ್ತಾರೆ. ಹುಡುಗರಲ್ಲಿ ವರ್ಷಕ್ಕೆ 9–10 ಸೆಂ.ಮೀ. ಮೊದಲು ಪಾದ, ಆಮೇಲೆ ಕಾಲು, ಕಡೆಗೆ ಮುಂಡ. ಆದ್ದರಿಂದ ಅಂಗಿಗಿಂತ ಮೊದಲು ಚಪ್ಪಲಿ ಸಾಲದಾಗುತ್ತದೆ. ಬೆಳವಣಿಗೆಗೆ ತಡೆ ಹಾಕುವುದು, ಗಂಡುಮಕ್ಕಳಲ್ಲೂ, ಈಸ್ಟ್ರೋಜನ್. ಅದಕ್ಕೆ ಸ್ಪಂದಿಸದ ದೇಹದ 28 ವರ್ಷದ ಅಮೆರಿಕನ್ ಒಬ್ಬನ ವರದಿ 1994ರಲ್ಲಿ ಬಂತು. ಎತ್ತರ 204 ಸೆಂ.ಮೀ., ಮೂಳೆಯ ತುದಿಗಳು ಇನ್ನೂ ಕೂಡಿರಲಿಲ್ಲ, ಆತ ಬೆಳೆಯುತ್ತಲೇ ಇದ್ದ.

ಮೊಡವೆಗೆ ಚಾಕೊಲೇಟ್ ಕಾರಣವೇ ಎಂಬ ವ್ಯಾಜ್ಯ ಬೇರೆ ಇದೆ. 1969ರ ಒಂದು ಅಧ್ಯಯನ ಅದನ್ನು ನಿರ್ದೋಷಿ ಎಂದು ಬಿಟ್ಟಿತು. ಆದರೆ ಹೋಲಿಕೆಗೆಂದು ಕೊಟ್ಟ ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಇದೆಂಥ ನ್ಯಾಯ? ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಗೆಣಸು, ಮೀನು, ತೆಂಗು ತಿಂದುಕೊಂಡಿದ್ದ 1200 ಮಂದಿಯನ್ನು ಪರೀಕ್ಷಿಸಿದರೆ ಒಬ್ಬರಿಗೂ ಮೊಡವೆ ಇರಲಿಲ್ಲವೆಂಬ ವರದಿ 2002ರಲ್ಲಿ ಪ್ರಕಟವಾಯಿತು. ವಂಶವೋ ಊಟವೋ ಎಂದು ಅದರಿಂದ ಬಿಡಿಸಿ ಹೇಳಲಾಗದು. ಆದರೂ ಬೇಕರಿಯ ಬನ್ನಿನ ಮೇಲೆ ನನ್ನ ಅನುಮಾನ ಉಳಿದಿದೆ.

ಅಜ್ಜಿಯ “ಮೂರೇ ದಿನ”ವನ್ನು ಈಗ ಹೇಳುವವರು ಬೇರೆ. ಹುಡುಗನಿಗೆ ಪೇಟೆಯ ಮೆಡಿಕಲ್ ಶಾಪಿನವರೊಬ್ಬರು ಚೀಟಿ ಕೇಳದೆ ಕೊಟ್ಟಿದ್ದ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇತ್ತು. ಮೂರು ದಿನಕ್ಕೆ ಕೆಂಪು ಇಳಿದದ್ದು ನಿಜ. ನಿಲ್ಲಿಸಿದ ಮೇಲೆ ದುಪ್ಪಟ್ಟಾಗಿ ಎದ್ದಿತು. ಹೀಗೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ ರಕ್ತನಾಳಗಳು ಮೇಲೆ ಕಾಣತೊಡಗುತ್ತವೆ. ಮುಳ್ಳಿನ ಲೇಪವೇ ಎಷ್ಟೋ ವಾಸಿ.

ಕಡೆಗೆ ಚರ್ಮವೈದ್ಯರು ಕೊಟ್ಟದ್ದು ಅಡಾಪಲೀನ್ ಮತ್ತು ಬೆಂಝಾಯ್ಲ್ ಪೆರಾಕ್ಸೈಡ್. ಫಲ ಕಾಣಲು ಎಂಟರಿಂದ ಹನ್ನೆರಡು ವಾರ. ಆರಂಭದಲ್ಲಿ ಮುಖ ಇನ್ನಷ್ಟು ಕೆಂಪಾಗಿ ಸಿಪ್ಪೆ ಏಳುವುದೂ ಉಂಟು. ಹುಡುಗ ತಾಳಿಕೊಂಡಿದ್ದಾನೆ. ಬೆಂಝಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ದಿಂಬಿನ ಕವರೆಲ್ಲ ಬಿಳಿಚಿಕೊಂಡಿವೆ ಎಂದು ನನ್ನ ತಂಗಿಯೇ ಈಗ ಗೊಣಗುತ್ತಿರುವುದು.