ಕ್ಲಾಕ್‌ಟಾಲ್: ಎರಡು ತಾಸಿನ ಕಡಲ ನಡಿಗೆ, ಇನ್ನೂರು ವರ್ಷದ ಜಮೀನಿನ ಕಥೆ

ಸ್ಕಾಟ್ಲೆಂಡ್‌ಗೆ ಹೋದವರೆಲ್ಲ ಬೆಟ್ಟ ಹತ್ತಿದ ಫೋಟೋ ಹಾಕ್ತಾರೆ. ನನಗೆ ಮಂಡಿ ನೋವು, ಜೊತೆಗಿದ್ದ ಗೆಳೆಯನಿಗೆ ಸೋಮಾರಿತನ. ಹಾಗಾಗಿ ಪ್ರಾಜೆಕ್ಟ್ ಕೆಲಸಕ್ಕೆ ಎಡಿನ್‌ಬರೋದಲ್ಲಿದ್ದ ಮೂರು ತಿಂಗಳಲ್ಲಿ ನಾವು ಹುಡುಕಿದ್ದು ಏರಿಳಿತ ಇಲ್ಲದ ದಾರಿ. ಸಿಕ್ಕಿದ್ದು ವಾಯವ್ಯ ಕರಾವಳಿಯ ಆಸಿಂಟ್ ಸೀಮೆಯಲ್ಲಿರುವ ಕ್ಲಾಕ್‌ಟಾಲ್ ಎಂಬ ಕ್ರಾಫ್ಟಿಂಗ್ ಹಳ್ಳಿ.

ಕ್ರಾಫ್ಟ್ ಅಂದ್ರೆ ಇಲ್ಲಿ ಕರಕುಶಲ ಅಲ್ಲ, ಪುಟ್ಟ ಹಿಡುವಳಿ. ಮನೆ ಹತ್ತಿರ ಬೇಲಿ ಹಾಕಿದ ಒಂದು ತುಂಡು ಜಮೀನು, ಜೊತೆಗೆ ಊರಿನವರೆಲ್ಲ ಹಂಚಿಕೊಳ್ಳುವ ಗೋಮಾಳದಲ್ಲಿ ಇಂತಿಷ್ಟು ಕುರಿ ಬಿಡುವ ಹಕ್ಕು. "ಕ್ರಾಫ್ಟ್ ಅಂದ್ರೆ ಸುತ್ತಲೂ ಕಾಯ್ದೆಗಳಿರುವ ಸಣ್ಣ ಜಮೀನು" ಅಂತ ಅಲ್ಲೊಂದು ಹಳೇ ಜೋಕ್ ಇದೆ.

ಇನ್ವರ್‌ನೆಸ್‌ನಿಂದ ಉಲ್ಲಪೂಲ್, ಲಾಕಿನ್‌ವರ್ ದಾಟಿ ಹೋಗಬೇಕು. ಕೊನೇ ಭಾಗ ಒಂದೇ ಗಾಡಿ ಹಿಡಿಸುವ ರಸ್ತೆ. ಎದುರು ಕಾರು ಬಂದ್ರೆ ಪಕ್ಕಕ್ಕೆ ಸರಿಯಲು ಅಲ್ಲಲ್ಲಿ ಜಾಗ ಬಿಟ್ಟಿದ್ದಾರೆ. ಬೀಚ್ ಪಕ್ಕದಲ್ಲೇ ಪಾರ್ಕಿಂಗ್. ಬಿಳಿ ಮರಳು, ಹಸಿರು ನೀರು. ಕಾಲಿಟ್ಟಾಗಲೇ ಗೊತ್ತಾಗೋದು, ಇದು ಗೋಕರ್ಣ ಅಲ್ಲ ಅಂತ. ದಕ್ಷಿಣಕ್ಕೆ ಎರಡು ಹೋಳಾದಂತೆ ನಿಂತ ದೊಡ್ಡ ಬಂಡೆ, ದಡದಲ್ಲಿ ಸಾಲ್ಮನ್ ಹಿಡಿಯುವವರ ಹಳೇ ಬಿಡಾರ. ನಾವು ಉತ್ತರಕ್ಕೆ ತಿರುಗಿದೆವು. ಇಲ್ಲಿ ಜವಾಬ್ದಾರಿಯಿಂದ ನಡೆಯೋದಾದ್ರೆ ಬಹುತೇಕ ಎಲ್ಲ ಜಮೀನಿನಲ್ಲೂ ಓಡಾಡಬಹುದು, 2003ರ ಕಾಯ್ದೆಯೇ ಆ ಹಕ್ಕು ಕೊಟ್ಟಿದೆ. ಬೆಳೆ ತುಳಿಯಬಾರದು, ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ಅಷ್ಟೇ. ಬೇಸಿಗೆಯಲ್ಲಿ ಮಿಡ್ಜ್ ಅನ್ನೋ ನುಸಿ ಮಾತ್ರ ಯಾವ ಕಾಯ್ದೆಗೂ ಬಗ್ಗಲ್ಲ.

ಸ್ವಲ್ಪ ದೂರದಲ್ಲೇ ಕಡಲಂಚಿನಲ್ಲಿ ಬ್ರಾಖ್ ಇದೆ: ಗಾರೆ ಇಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಕಬ್ಬಿಣ ಯುಗದ ದುಂಡನೆ ಗೋಪುರ. ಒಂದು ಪಾಲು ಸಮುದ್ರಕ್ಕೆ ಕುಸಿದಿದೆ. ಬಾಗಿಲ ಮೇಲಿನ ತ್ರಿಕೋನಾಕಾರದ ಕಲ್ಲು ಹಾಗೇ ನಿಂತಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಇದಕ್ಕೆ ಬೆಂಕಿ ಬಿದ್ದಿತ್ತು. 2017ರಲ್ಲಿ ಅಗೆದಾಗ ಕಲ್ಲಿನ ಒರಳಲ್ಲಿ ಕರಕಲಾದ ಬಾರ್ಲಿ ಸಿಕ್ಕಿತು. ಕುಟ್ಟುತ್ತಿದ್ದವರು ಅರ್ಧಕ್ಕೇ ಬಿಟ್ಟು ಓಡಿರಬೇಕು.

ಅಲ್ಲಿಂದ ತಿರುಗಿ ಹಳ್ಳಿ ನೋಡಿದಾಗ ಒಂದು ಪ್ರಶ್ನೆ ಬಂತು. ಇಷ್ಟು ಬಂಡೆ ಇರುವ ಕಡೆ ಯಾರಾದ್ರೂ ಬೇಸಾಯಕ್ಕೆ ಬರ್ತಾರಾ? ಅವರಾಗಿ ಬಂದಿದ್ದಲ್ಲ. 19ನೇ ಶತಮಾನದ ಮೊದಲ ದಶಕಗಳಲ್ಲಿ ಸದರ್ಲೆಂಡ್ ಜಮೀನ್ದಾರರು ಕುರಿ ಸಾಕಣೆಗಾಗಿ ಒಳನಾಡಿನ ಕಣಿವೆಗಳನ್ನು ಖಾಲಿ ಮಾಡಿಸಿದರು. ಒಕ್ಕಲೆದ್ದವರಲ್ಲಿ ಕೆಲವರು ಹಡಗು ಹತ್ತಿದರು. ಉಳಿದವರಿಗೆ ಸಿಕ್ಕಿದ್ದು ಕಡಲಂಚಿನ ಈ ತುಂಡುಗಳು. 1886ರ ಕಾಯ್ದೆ ಬಂದ ಮೇಲೆ ಒಕ್ಕಲೆಬ್ಬಿಸೋದು ನಿಂತಿತು, ಗೇಣಿ ನ್ಯಾಯವಾಯಿತು. ಆದ್ರೆ ಒಡೆತನ ಒಡೆಯರದ್ದೇ.

ಇದರ ಅರ್ಥ 1992ರಲ್ಲಿ ಗೊತ್ತಾಯಿತು. ಎಸ್ಟೇಟ್ ಕೊಂಡಿದ್ದ ಸ್ವೀಡನ್ ಕಂಪನಿ ದಿವಾಳಿ ಎದ್ದು, ಜನ ವಾಸವಿದ್ದ ನೆಲವನ್ನೇ ಏಳು ತುಂಡು ಮಾಡಿ ಮಾರಾಟಕ್ಕೆ ಇಟ್ಟರು. ಕ್ರಾಫ್ಟರ್‌ಗಳು ಸೇರಿ ಟ್ರಸ್ಟ್ ಮಾಡಿದರು. 1993ರ ಫೆಬ್ರುವರಿಯಲ್ಲಿ ಸುಮಾರು 21,000 ಎಕರೆಯನ್ನು 3 ಲಕ್ಷ ಪೌಂಡಿಗೆ ಕೊಂಡೇಬಿಟ್ಟರು. ಈಗ ಅವರು ತಮ್ಮದೇ ಟ್ರಸ್ಟಿಗೆ ಗೇಣಿದಾರರು.

ನನ್ನಜ್ಜ ಕುಮಟಾ ಕಡೆ ಗೇಣಿ ಒಕ್ಕಲು. 1974ರ ಭೂಸುಧಾರಣೆ ಬಂದಾಗ ಡಿಕ್ಲರೇಷನ್ ಕೊಟ್ಟು, ವರ್ಷಗಟ್ಟಲೆ ಅಲೆದು, ಗದ್ದೆ ಹೆಸರಿಗೆ ಮಾಡಿಕೊಂಡವರು. ಈಗ ರೆಸಾರ್ಟ್‌ಗೆ ಅಂತ ದಲ್ಲಾಳಿ ಎರಡು ಸಲ ಮನೆಗೆ ಬಂದು ಹೋಗಿದ್ದಾರೆ. ದೊಡ್ಡಪ್ಪನ ಮಗ ಕೊಡೋಣ ಅಂತಾನೆ. ನಾನೂ ಹೂಂ ಅಂದಿದ್ದೆ.

ವಾಪಸ್ ಬರುವಾಗ ಗೆಳೆಯ ಮೊಬೈಲ್‌ನಲ್ಲಿ ಒಂದು ನಿಯಮ ಓದಿದ. ಕ್ರಾಫ್ಟರ್ ತನ್ನ ಜಮೀನಿನಿಂದ 32 ಕಿ.ಮೀ. ಒಳಗೇ ವಾಸ ಇರಬೇಕು, ಅದನ್ನು ಪಾಳು ಬಿಡಬಾರದು. ದೂರ ಇರಬೇಕಂದ್ರೆ ಕ್ರಾಫ್ಟಿಂಗ್ ಕಮಿಷನ್ ಒಪ್ಪಿಗೆ ಬೇಕು. "ಕುಮಟಾದಿಂದ ನಿನ್ನ ಬೆಂಗಳೂರು ಫ್ಲಾಟ್ ಎಷ್ಟು ದೂರ?" ಅಂತ ಕೇಳಿ ನಕ್ಕ. ನನಗೆ ಅಷ್ಟೇನೂ ನಗು ಬರಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ.

"ಅಷ್ಟು ದುಡ್ಡು ಎಲ್ಲಿಂದ ತಂದ್ರಂತೆ?"

"ಜನರ ದೇಣಿಗೆ, ಸರ್ಕಾರಿ ಸಂಸ್ಥೆಗಳ ನೆರವು, ಒಂದಿಷ್ಟು ಸಾಲ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಮಾ, ಅಲ್ಲೆಲ್ಲ ನಡೆದೆ ಸರಿ. ಊರಿಗೆ ಬಂದಾಗ ನಮ್ಮ ಗದ್ದೆ ಸುತ್ತ ಒಂದ್ಸಲ ನಡಿ. ಗಡಿಕಲ್ಲು ಎಲ್ಲಿದೆ ಅಂತಲೂ ನಿಂಗೆ ಗೊತ್ತಿಲ್ಲ."

ದೀಪಾವಳಿಗೆ ಟಿಕೆಟ್ ಬುಕ್ ಮಾಡಿದ್ದೇನೆ.